ಮೊದಲು ದತ್ತಾಂಶವನ್ನು ಹಂಚಿದ ರೀತಿಯನ್ನು ನೋಡಿ

ರಾಸಾಯನಿಕ ಕ್ರಿಯೆಯ ಶಕ್ತಿ ತಡೆಗೋಡೆಯನ್ನು, ಅಂದರೆ ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯನ್ನು, ಅಂದಾಜಿಸುವ ನಿಮ್ಮ ಮಾದರಿಯ ಸರಾಸರಿ ದೋಷ ಪರೀಕ್ಷಾ ದತ್ತಾಂಶದಲ್ಲಿ ಮೋಲಿಗೆ 2 ಕಿಲೋಕ್ಯಾಲರಿ, ಹೊಸ ಕ್ರಿಯೆಗಳಲ್ಲಿ 9 ಎಂದಿದ್ದೀರಿ. ನ್ಯೂರಲ್ ನೆಟ್‌ವರ್ಕನ್ನು ದೊಡ್ಡದು ಮಾಡಲೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಸದ್ಯಕ್ಕೆ ಬೇಡ.

ನನ್ನ ಗುಮಾನಿ ಆ 2ರ ಮೇಲೆಯೇ. ಮುಮ್ಮುಖ ಕ್ರಿಯೆ ತರಬೇತಿಯಲ್ಲಿ, ಅದರ ಹಿಮ್ಮುಖ ಕ್ರಿಯೆ ಪರೀಕ್ಷೆಯಲ್ಲಿ ಸೇರಿಕೊಂಡಿದೆಯೇ ನೋಡಿ. ಎರಡಕ್ಕೂ ಸಂಕ್ರಮಣ ಸ್ಥಿತಿ, ಅಂದರೆ ತಡೆಗೋಡೆಯ ತುದಿಯಲ್ಲಿರುವ ರಚನೆ, ಒಂದೇ. ಮುಮ್ಮುಖದ ತಡೆ 30, ಕ್ರಿಯೆಯ ಶಕ್ತಿ (ಆರಂಭಕ್ಕೂ ಅಂತ್ಯಕ್ಕೂ ಇರುವ ಶಕ್ತಿಯ ವ್ಯತ್ಯಾಸ) −10 ಆದರೆ ಹಿಮ್ಮುಖದ ತಡೆ 40. ಇಲ್ಲಿ ಮಾದರಿ ಕಲಿಯುವುದಕ್ಕಿಂತ 30ರಿಂದ −10 ಅನ್ನು ಕಳೆಯುವುದೇ ಹೆಚ್ಚು! ಒಂದೇ ಅಣುವಿನಿಂದ ಹೊರಟ ಹಲವು ಕ್ರಿಯೆಗಳು ಎರಡೂ ಕಡೆ ಹರಡಿದ್ದರೂ ಇದೇ ಪಾಡು. ಜೋಡಿಗಳನ್ನು ಒಟ್ಟಿಗೆ ಇಟ್ಟು, ಅಣುವಿನ ಮೂಲ ಚೌಕಟ್ಟಿನ ಪ್ರಕಾರ ಹಂಚಿ. ದೋಷ ಏರುತ್ತದೆ, ಏರಲಿ. ಅದೇ ನಿಜವಾದ ದೋಷ.

ಆಮೇಲೆ ಡೆಲ್ಟಾ ಕಲಿಕೆಯನ್ನು ಪ್ರಯತ್ನಿಸಿ. ಎಕ್ಸ್‌ಟಿಬಿಯಂಥ ಅಗ್ಗದ, ಒರಟು ಅಂದಾಜಿನ ಕ್ವಾಂಟಮ್ ಲೆಕ್ಕಾಚಾರದ ವಿಧಾನದಿಂದ ತಡೆಯನ್ನು ಲೆಕ್ಕಹಾಕಿ, ಅದಕ್ಕೂ ಡಿಎಫ್‌ಟಿ ಎಂಬ ಹೆಚ್ಚು ನಿಖರವಾದ, ದುಬಾರಿ ವಿಧಾನದ ಮೌಲ್ಯಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಮಾದರಿಗೆ ಕಲಿಸಿ. ದತ್ತಾಂಶ ಕಡಿಮೆಯಿದ್ದಾಗ ಇದು ಸಾಮಾನ್ಯವಾಗಿ ಕೈಹಿಡಿಯುತ್ತದೆ. ಸಿದ್ಧ ವಿಭವ ಮಾದರಿಯನ್ನು (ಪರಮಾಣುಗಳ ಸ್ಥಾನದಿಂದ ಶಕ್ತಿಯನ್ನು ಅಂದಾಜಿಸುವ, ಮೊದಲೇ ತರಬೇತಾದ ಮಾದರಿ) ಬಳಸುವುದಾದರೆ ಅದರ ತರಬೇತಿಯಲ್ಲಿ ಸಂಕ್ರಮಣ ಸ್ಥಿತಿಗಳಿದ್ದವೇ ಎಂದು ವಿಚಾರಿಸಿ. ಸಮತೋಲನದ ಆಸುಪಾಸಿನ ರಚನೆಗಳನ್ನಷ್ಟೇ ಕಂಡ ಮಾದರಿ, ಅರ್ಧ ಮುರಿದ ಬಂಧವನ್ನು ಕಂಡರೆ ಕಂಗಾಲಾಗುತ್ತದೆ. 2022ರ ಟ್ರಾನ್ಸಿಷನ್1ಎಕ್ಸ್ ದತ್ತಾಂಶ ತಯಾರಾದದ್ದು ಈ ಕೊರತೆಯನ್ನು ತುಂಬುವುದಕ್ಕೇ.

ಇನ್ನು, ಕೋಣೆಯ ಉಷ್ಣತೆಯಲ್ಲಿ ತಡೆ 1.4 ಕಿಲೋಕ್ಯಾಲರಿ ತಪ್ಪಿದರೆ ವೇಗ ಸುಮಾರು ಹತ್ತು ಪಟ್ಟು ತಪ್ಪುತ್ತದೆ. ನಿಮಗೆ ಬೇಕಿರುವುದು ವೇಗವೋ, ಕ್ರಿಯೆಗಳ ಶ್ರೇಯಾಂಕವೋ ತಿಳಿಸಿ.