ಒಂದೇ ಆರ್ಡರ್ ಎರಡು ಬಾರಿ ದಾಖಲಾಗುವುದೇಕೆ? ವೆಬ್ ಸೇವೆ ರೂಪಿಸುವವರ ಪ್ರಶ್ನೋತ್ತರ

ಪ್ರಶ್ನೆ: ನಮ್ಮ ಸೇವೆಯಲ್ಲಿ ಆಗಾಗ ಒಂದೇ ಆರ್ಡರ್ ಎರಡು ಬಾರಿ ದಾಖಲಾಗುತ್ತದೆ. ಒಮ್ಮೆ ಒತ್ತಿದ ಮೇಲೆ ಬಟನ್ ಕೆಲಸ ಮಾಡದಂತೆ ಮಾಡಿದ್ದೇವೆ. ಆದರೂ ತೊಂದರೆ ನಿಂತಿಲ್ಲ. ಪರಿಹಾರವೇನು?

ಉತ್ತರ: ಬಟನ್ ತಡೆದರೆ ಬಳಕೆದಾರರ ಅವಸರವನ್ನು ತಡೆದಂತಾಗುತ್ತದೆಯೇ ಹೊರತು ನೆಟ್‌ವರ್ಕಿನ ವರ್ತನೆಯನ್ನಲ್ಲ. ನಿಮ್ಮ ಸರ್ವರ್ ಆರ್ಡರನ್ನು ಬರೆದುಕೊಂಡು ಕಳುಹಿಸಿದ ಉತ್ತರ ದಾರಿಯಲ್ಲೇ ಕಳೆದುಹೋಯಿತೆಂದುಕೊಳ್ಳಿ. ರಿಕ್ವೆಸ್ಟೇ ತಲುಪಲಿಲ್ಲವೋ ಅಥವಾ ಕೆಲಸ ಮುಗಿದು ಉತ್ತರ ಮಾತ್ರ ಬರಲಿಲ್ಲವೋ ಎಂಬುದನ್ನು ತಿಳಿಯಲು ಕ್ಲೈಂಟ್‌ಗೆ, ಅಂದರೆ ರಿಕ್ವೆಸ್ಟ್ ಕಳುಹಿಸಿದ ಆ್ಯಪ್ ಅಥವಾ ಬ್ರೌಸರಿಗೆ, ದಾರಿಯೇ ಇಲ್ಲ. ಟೈಮ್‌ಔಟ್ ಆದೊಡನೆ (ಕಾಯುವ ಗಡುವು ಮುಗಿದೊಡನೆ) ಮೊಬೈಲ್ ಆ್ಯಪ್ ಅದೇ ರಿಕ್ವೆಸ್ಟನ್ನು ಮತ್ತೆ ಕಳುಹಿಸುತ್ತದೆ, ಸರ್ವರ್ ಅದನ್ನು ಹೊಸ ಆರ್ಡರ್ ಎಂದೇ ಸ್ವೀಕರಿಸುತ್ತದೆ. ವೆಬ್ ಸಂವಹನದ ಎಚ್‌ಟಿಟಿಪಿ ನಿಯಮಗಳ ಪ್ರಕಾರ ಗೆಟ್ (ಓದು), ಪುಟ್ (ಬದಲಿಸು) ಮತ್ತು ಡಿಲೀಟ್ (ಅಳಿಸು) ಎಂಬ ರಿಕ್ವೆಸ್ಟ್‌ಗಳು ಎಷ್ಟು ಬಾರಿ ಬಂದರೂ ಪರಿಣಾಮ ಒಂದೇ ಆಗಿರಬೇಕು. ಹೊಸ ಆರ್ಡರ್ ಸೇರಿಸಲು ಬಳಸುವ ಪೋಸ್ಟ್‌ಗೆ ಅಂಥ ಭರವಸೆಯಿಲ್ಲ. ಆ ಭರವಸೆಯನ್ನು ನಾವೇ ಕಟ್ಟಿಕೊಳ್ಳಬೇಕು.

ಅದಕ್ಕೆ ಬಳಕೆಯಲ್ಲಿರುವ ಉಪಾಯವೆಂದರೆ ಐಡೆಂಪೊಟೆನ್ಸಿ ಕೀ, ಅಂದರೆ ಅದೇ ರಿಕ್ವೆಸ್ಟ್ ಮತ್ತೆ ಬಂದರೆ ಪತ್ತೆಹಚ್ಚಲು ನೆರವಾಗುವ ಗುರುತು. ಕ್ಲೈಂಟ್ ಮೊದಲ ಪ್ರಯತ್ನಕ್ಕೂ ಮುನ್ನ ಒಂದು ಯುಯುಐಡಿ (ಬೇರೆಲ್ಲೂ ಮರುಕಳಿಸದಂಥ ಗುರುತು) ಸೃಷ್ಟಿಸಿ ಹೆಡರ್‌ನಲ್ಲಿ (ರಿಕ್ವೆಸ್ಟ್ ಜೊತೆ ಹೋಗುವ ಹೆಚ್ಚುವರಿ ಮಾಹಿತಿಯಲ್ಲಿ) ಕಳುಹಿಸಬೇಕು, ಮರುಪ್ರಯತ್ನಗಳಲ್ಲೆಲ್ಲ ಅದನ್ನೇ ಬಳಸಬೇಕು. ಇಲ್ಲಿ ಹಲವರು ಎಡವುವುದು ಸರ್ವರ್ ಬದಿಯಲ್ಲಿ. ಈ ಕೀ ಟೇಬಲ್‌ನಲ್ಲಿದೆಯೇ ಎಂದು ಮೊದಲು ಸೆಲೆಕ್ಟ್ ಮಾಡಿ, ಇಲ್ಲದಿದ್ದರೆ ಇನ್ಸರ್ಟ್ ಮಾಡುವ ಕೋಡ್ ನೋಡಲು ಸರಿಯಾಗಿಯೇ ಕಾಣುತ್ತದೆ. ಆದರೆ ಎರಡು ರಿಕ್ವೆಸ್ಟ್‌ಗಳು ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಬಂದಾಗ ಎರಡಕ್ಕೂ ‘ಇಲ್ಲ’ ಎಂಬ ಉತ್ತರವೇ ಸಿಕ್ಕಿ, ಎರಡೂ ಆರ್ಡರ್‌ಗಳು ದಾಖಲಾಗುತ್ತವೆ. ಆದ್ದರಿಂದ ಕೀ ಇರುವ ಕಾಲಮ್‌ಗೆ ಯುನೀಕ್ ನಿರ್ಬಂಧ (ಒಂದೇ ಮೌಲ್ಯ ಎರಡು ಬಾರಿ ಬರಬಾರದೆಂಬ ನಿಯಮ) ಹಾಕಿ, ಕೀ ಮತ್ತು ಆರ್ಡರ್ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ನಡೆದರೆ ಎಲ್ಲವೂ, ಇಲ್ಲವಾದರೆ ಯಾವುದೂ ಇಲ್ಲ ಎಂಬಂತೆ) ಬರೆಯಿರಿ. ಯಾವುದು ಮೊದಲು ಎಂಬ ತೀರ್ಮಾನವನ್ನು ಡೇಟಾಬೇಸಿಗೇ ಬಿಡಿ. ಕೊಟ್ಟ ಉತ್ತರವನ್ನೂ ಕೀಯೊಡನೆ ಉಳಿಸಿಕೊಂಡರೆ ಎರಡನೆಯ ಬಾರಿ ಅದನ್ನೇ ಮರಳಿಸಬಹುದು. ಅದೇ ಕೀ ಬೇರೆ ವಿವರಗಳೊಡನೆ ಬಂದರೆ ಅದು ಕ್ಲೈಂಟಿನ ದೋಷ, ಅದನ್ನು 422 ಎಂಬ ಎಚ್‌ಟಿಟಿಪಿ ದೋಷಸಂಕೇತ ಕೊಟ್ಟು ತಿರಸ್ಕರಿಸುವುದೇ ಸರಿ.

ಮರುಪ್ರಯತ್ನದಲ್ಲೂ ಶಿಸ್ತು ಬೇಕು. 1, 2, 4 ಸೆಕೆಂಡುಗಳಂತೆ ಅಂತರವನ್ನು ಹೆಚ್ಚಿಸುತ್ತ ಹೋಗಿ, ಅದಕ್ಕೆ ಸ್ವಲ್ಪ ಯಾದೃಚ್ಛಿಕ ಸಮಯ ಸೇರಿಸಿ. ಇಲ್ಲವಾದರೆ ಚೇತರಿಸಿಕೊಳ್ಳುತ್ತಿರುವ ಸರ್ವರ್ ಮೇಲೆ ಎಲ್ಲ ಕ್ಲೈಂಟ್‌ಗಳೂ ಒಂದೇ ಕ್ಷಣದಲ್ಲಿ ಮುಗಿಬೀಳುತ್ತವೆ. 400 (ರಿಕ್ವೆಸ್ಟೇ ತಪ್ಪು) ಬಂದಿದ್ದರೆ ಅದೇ ರಿಕ್ವೆಸ್ಟನ್ನು ಮತ್ತೆ ಕಳುಹಿಸಿ ಪ್ರಯೋಜನವಿಲ್ಲ. 429 (ಅತಿಯಾದ ರಿಕ್ವೆಸ್ಟ್‌ಗಳು) ಅಥವಾ 503 (ಸೇವೆ ಸದ್ಯ ಲಭ್ಯವಿಲ್ಲ) ಬಂದಾಗ ರಿಟ್ರೈ-ಆಫ್ಟರ್ ಹೆಡರ್ ಇದ್ದರೆ ಅದು ಹೇಳಿದಷ್ಟು ಕಾಯಬೇಕು. ಹೊರಗಿನ ಸೇವೆಗೆ ಮಾಡುವ ಪ್ರತಿ ಕರೆಗೂ ಟೈಮ್‌ಔಟ್ ಇದೆಯೇ ಎಂಬುದನ್ನು ಇಂದೇ ಪರಿಶೀಲಿಸಿ. ಪೈಥಾನ್‌ನ ಜನಪ್ರಿಯ ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ ನೀವಾಗಿ ಸೂಚಿಸದ ಹೊರತು ಟೈಮ್‌ಔಟ್ ಇರುವುದೇ ಇಲ್ಲ.

ಪ್ರಶ್ನೆ: ನಮ್ಮ ಎಪಿಐನ (ಆ್ಯಪ್‌ಗಳು ಸರ್ವರನ್ನು ಕರೆಯುವ ಮಾರ್ಗದ) ಸರಾಸರಿ ಪ್ರತಿಕ್ರಿಯಾ ಸಮಯ 130 ಮಿಲಿಸೆಕೆಂಡಿನೊಳಗೇ ಇದೆ. ಆದರೂ ಬಳಕೆದಾರರು ನಿಧಾನವೆಂದು ದೂರುತ್ತಾರೆ. ಯಾರನ್ನು ನಂಬುವುದು?

ಉತ್ತರ: ಬಳಕೆದಾರರನ್ನು ನಂಬಿ. ನೂರು ರಿಕ್ವೆಸ್ಟ್‌ಗಳಲ್ಲಿ 98 ತಲಾ 50 ಮಿಲಿಸೆಕೆಂಡಿನಲ್ಲಿ ಮುಗಿದು, ಉಳಿದ ಎರಡು ತಲಾ 4 ಸೆಕೆಂಡ್ ತೆಗೆದುಕೊಂಡವು ಎಂದುಕೊಳ್ಳಿ. ಸರಾಸರಿ 129 ಮಿಲಿಸೆಕೆಂಡ್ ಎಂದು ಬರುತ್ತದೆ, ಆದರೆ ಅಷ್ಟು ಸಮಯ ಕಾದವರು ಒಬ್ಬರೂ ಇಲ್ಲ. ಒಂದು ಪುಟ ತೆರೆಯಲು ಇಂಥ 20 ಕರೆಗಳು ಬೇಕಾದರೆ, ಅವುಗಳಲ್ಲಿ ಒಂದಾದರೂ ನಿಧಾನವಾಗುವ ಸಂಭವ ಸುಮಾರು ಶೇ. 33. ಅಂದರೆ ಮೂರು ಬಾರಿ ಪುಟ ತೆರೆದವರಿಗೆ ಹೆಚ್ಚುಕಡಿಮೆ ಒಮ್ಮೆ 4 ಸೆಕೆಂಡುಗಳ ಕಾಯುವಿಕೆ ತಪ್ಪಿದ್ದಲ್ಲ. ಆದ್ದರಿಂದ ಸರಾಸರಿಯ ಬದಲು 95 ಮತ್ತು 99ನೇ ಪರ್ಸೆಂಟೈಲ್‌ಗಳನ್ನು, ಅಂದರೆ ನೂರರಲ್ಲಿ 95 ಅಥವಾ 99 ರಿಕ್ವೆಸ್ಟ್‌ಗಳು ಎಷ್ಟು ಸಮಯದೊಳಗೆ ಮುಗಿದವು ಎಂಬುದನ್ನು, ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ.

ಸಮಯ ಎಲ್ಲಿ ಹೋಗುತ್ತಿದೆ ಎಂದು ಹುಡುಕಲು ಕಮಾಂಡ್ ಲೈನಿನಿಂದ ರಿಕ್ವೆಸ್ಟ್ ಕಳುಹಿಸುವ ಕರ್ಲ್ ಎಂಬ ಸಾಧನ ಸಾಕು. ಅದರ ರೈಟ್-ಔಟ್ ಆಯ್ಕೆಯಿಂದ ಡಿಎನ್‌ಎಸ್ (ವಿಳಾಸ ಹುಡುಕಾಟ), ಸಂಪರ್ಕ, ಟಿಎಲ್‌ಎಸ್ (ಗೂಢಲಿಪಿಯ ಸಿದ್ಧತೆ) ಮತ್ತು ಮೊದಲ ಬೈಟ್ ಬರುವವರೆಗಿನ ಸಮಯಗಳು ಬೇರೆಬೇರೆಯಾಗಿ ಸಿಗುತ್ತವೆ. ಸಂಪರ್ಕ ಬೇಗ ಆಗಿ ಮೊದಲ ಬೈಟ್ ತಡವಾಗಿದ್ದರೆ ಸಾಮಾನ್ಯವಾಗಿ ತೊಂದರೆ ನಿಮ್ಮ ಕೋಡಿನಲ್ಲೋ ಡೇಟಾಬೇಸಿನಲ್ಲೋ ಇರುತ್ತದೆ. ಪ್ರತಿ ರಿಕ್ವೆಸ್ಟಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು ಎಲ್ಲ ಲಾಗ್ ಸಾಲುಗಳಲ್ಲೂ ಅದನ್ನು ಬರೆದರೆ, ಆ ಒಂದು ರಿಕ್ವೆಸ್ಟ್ ಎಷ್ಟು ಕ್ವೆರಿಗಳನ್ನು (ಡೇಟಾಬೇಸಿಗೆ ಕೇಳುವ ಪ್ರಶ್ನೆಗಳನ್ನು) ಎಬ್ಬಿಸಿತು ಎಂಬುದು ಕಣ್ಣಿಗೆ ಬೀಳುತ್ತದೆ. 50 ಆರ್ಡರ್‌ಗಳ ಪಟ್ಟಿಗೆ ಒಂದು ಕ್ವೆರಿ, ಪ್ರತಿ ಆರ್ಡರಿನ ಗ್ರಾಹಕರ ಹೆಸರಿಗೆ ಒಂದೊಂದು, ಹೀಗೆ ಒಟ್ಟು 51 ಕ್ವೆರಿಗಳು ಓಡುವುದು ಓಆರ್‌ಎಂ (ಕೋಡಿನಿಂದ ಕ್ವೆರಿಗಳನ್ನು ತಾನೇ ರೂಪಿಸುವ ಲೈಬ್ರರಿ) ಬಳಸುವಲ್ಲಿ ತೀರಾ ಸಾಮಾನ್ಯ. ಇದನ್ನು ಒಂದು ಜಾಯಿನ್‌ಗೆ (ಎರಡು ಟೇಬಲ್‌ಗಳನ್ನು ಜೋಡಿಸಿ ಓದುವ ಒಂದೇ ಕ್ವೆರಿಗೆ) ಇಳಿಸಬಹುದು. ಒಂದೇ ಕ್ವೆರಿ ನಿಧಾನವಾಗಿದ್ದರೆ ಕ್ವೆರಿಯ ಹಂತಹಂತದ ಸಮಯ ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್ ಆದೇಶದ ಫಲಿತಾಂಶ ನೋಡಿ. ಅದು ಕ್ವೆರಿಯನ್ನು ನಿಜವಾಗಿಯೂ ನಡೆಸುತ್ತದೆ, ಹಾಗಾಗಿ ಅಪ್‌ಡೇಟ್ ಅಥವಾ ಡಿಲೀಟ್ ಪರೀಕ್ಷಿಸುವಾಗ ಟ್ರಾನ್ಸಾಕ್ಷನ್ ತೆರೆದು ಕೊನೆಗೆ ರೋಲ್‌ಬ್ಯಾಕ್ ಮಾಡಿ (ಬದಲಾವಣೆಗಳನ್ನು ಹಿಂತೆಗೆಯಿರಿ). ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರು ನೆನಪಿಡಬೇಕಾದ ಇನ್ನೊಂದು ಸಂಗತಿಯೆಂದರೆ, ಫಾರಿನ್ ಕೀ (ಇನ್ನೊಂದು ಟೇಬಲ್‌ನ ಸಾಲಿಗೆ ಕೊಂಡಿ) ಘೋಷಿಸಿದ ಮಾತ್ರಕ್ಕೆ ಆ ಕಾಲಮ್‌ಗೆ ಹುಡುಕಾಟವನ್ನು ವೇಗಗೊಳಿಸುವ ಇಂಡೆಕ್ಸ್ ತಾನಾಗಿ ಬರುವುದಿಲ್ಲ.

ಪ್ರಶ್ನೆ: ಡೇಟಾಬೇಸಿನಲ್ಲಿರುವ ದೊಡ್ಡ ಐಡಿಗಳ ಕೊನೆಯ ಅಂಕಿಗಳು ಬ್ರೌಸರಿನಲ್ಲಿ ಬದಲಾಗಿ ಕಾಣುತ್ತವೆ. ಕರ್ಲ್‌ನಲ್ಲಿ ನೋಡಿದರೆ ಎಲ್ಲವೂ ಸರಿಯಾಗಿವೆ.

ಉತ್ತರ: ನಿಮ್ಮ ಸರ್ವರಿನದು ತಪ್ಪಿಲ್ಲ. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆ 9007199254740991ರವರೆಗಿನ ಪೂರ್ಣಾಂಕಗಳನ್ನು ಮಾತ್ರ ನಿಖರವಾಗಿ ಹಿಡಿದಿಡಬಲ್ಲದು. ಜೇಸನ್‌ನಲ್ಲಿ (ಸರ್ವರ್ ಮತ್ತು ಬ್ರೌಸರ್ ನಡುವೆ ಮಾಹಿತಿ ಸಾಗಿಸುವ ಪಠ್ಯರೂಪದಲ್ಲಿ) 9007199254740993 ಎಂದು ಕಳುಹಿಸಿದರೆ ಬ್ರೌಸರ್ ಅದನ್ನು 9007199254740992 ಎಂದು ಓದುತ್ತದೆ. ಐಡಿಯನ್ನು ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲವಾದ್ದರಿಂದ ಅದನ್ನು ಸ್ಟ್ರಿಂಗ್ (ಪಠ್ಯ) ಆಗಿಯೇ ಕಳುಹಿಸಿ.

ಪ್ರಶ್ನೆ: ಡೇಟಾಬೇಸಿನ ಪಾಸ್‌ವರ್ಡ್ ಕಣ್ತಪ್ಪಿನಿಂದ ಗಿಟ್‌ಗೆ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಸಾಧನಕ್ಕೆ) ಸೇರಿ, ಎಲ್ಲರೂ ನೋಡಬಹುದಾದ ರೆಪೊಸಿಟರಿಗೆ (ಕೋಡ್ ಸಂಗ್ರಹಕ್ಕೆ) ಹೋಗಿತ್ತು. ಮುಂದಿನ ಕಮಿಟ್‌ನಲ್ಲಿ (ದಾಖಲಿಸಿದ ಬದಲಾವಣೆಯಲ್ಲಿ) ಅಳಿಸಿದ್ದೇವೆ. ಅಷ್ಟು ಸಾಕೇ?

ಉತ್ತರ: ಸಾಲದು. ಹಳೆಯ ಕಮಿಟ್‌ನಲ್ಲಿ ಅದು ಹಾಗೆಯೇ ಇರುತ್ತದೆ; ಈಗಾಗಲೇ ರೆಪೊಸಿಟರಿಯನ್ನು ಕ್ಲೋನ್ (ನಕಲು) ಮಾಡಿಕೊಂಡವರ ಬಳಿಯೂ ಇರುತ್ತದೆ. ಮೊದಲು ಪಾಸ್‌ವರ್ಡ್ ಬದಲಿಸಿ, ಹಳೆಯದು ಇನ್ನು ನಡೆಯುವುದಿಲ್ಲ ಎಂಬುದನ್ನು ಖುದ್ದಾಗಿ ಪರೀಕ್ಷಿಸಿ, ಅಷ್ಟರೊಳಗೆ ಯಾರಾದರೂ ಅದನ್ನು ಬಳಸಿದ್ದಾರೆಯೇ ಎಂದು ಡೇಟಾಬೇಸಿನ ಲಾಗ್ ನೋಡಿ. ಗಿಟ್ ಇತಿಹಾಸವನ್ನು ತಿದ್ದಿ ಬರೆಯುವ ಕೆಲಸ ಆಮೇಲಿನದು.