ಆಸ್ಪತ್ರೆ ಕೆಲಸದಲ್ಲಿ ಟಿಬಿ ಬಂದರೆ ಪರಿಹಾರ ಕೇಳಬಹುದಾ?

ಖಂಡಿತ ಕೇಳಬಹುದು. ಖಾಸಗಿ ಆಸ್ಪತ್ರೆಯ ಎದೆರೋಗ ವಾರ್ಡಿನಲ್ಲಿ ಗುತ್ತಿಗೆ ನರ್ಸ್ ಆಗಿದ್ದೀರಿ, ಟಿಬಿ ಬಂದಿದೆ, "ಬಸ್ಸಲ್ಲೂ ಬಂದಿರಬಹುದಲ್ಲ, ಇಲ್ಲೇ ಬಂತು ಅನ್ನೋಕೆ ಸಾಕ್ಷಿ ಏನು" ಅಂತ ಮ್ಯಾನೇಜರ್ ಕೇಳುತ್ತಿದ್ದಾರೆ, ಸಂಬಳ ನಿಲ್ಲಿಸಿ ರಾಜೀನಾಮೆ ಕೇಳುತ್ತಿದ್ದಾರೆ ಅಂತ ಬರೆದಿದ್ದೀರಿ. ನಾನು ಕಾರ್ಮಿಕರ ಪರಿಹಾರದ ಕೇಸುಗಳನ್ನೇ ಜಾಸ್ತಿ ನಡೆಸುವ ವಕೀಲೆ. ಈ ಬಸ್ಸಿನ ಮಾತು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ, ಯಾಕೆಂದರೆ ಕಾನೂನು ಇರುವುದು ಇದಕ್ಕೆ ಪೂರಾ ಉಲ್ಟಾ.

1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಷೆಡ್ಯೂಲಿನಲ್ಲಿ ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿ ಇದೆ. ಅದರ 'ಎ' ಭಾಗದಲ್ಲಿ ಸೋಂಕು ರೋಗಗಳಿವೆ. ಆಸ್ಪತ್ರೆ, ಲ್ಯಾಬ್, ಪಶುವೈದ್ಯ ಕೆಲಸ, ಸೋಂಕು ತಗುಲುವ ಅಪಾಯ ಜಾಸ್ತಿ ಇರುವ ಬೇರೆ ಕೆಲಸಗಳು ಇದಕ್ಕೆ ಸೇರುತ್ತವೆ. ಇಂಥ ಕೆಲಸದಲ್ಲಿದ್ದಾಗ ಸೋಂಕು ರೋಗ ಬಂದರೆ ಅದನ್ನು ಕೆಲಸದಲ್ಲಾದ ಅಪಘಾತ ಅಂತಲೇ ಎಣಿಸಬೇಕು. ಅಲ್ಲ ಅಂತ ಸಾಬೀತು ಮಾಡುವುದು ಮಾಲೀಕರ ಹೊಣೆ, ನಿಮ್ಮದಲ್ಲ. 'ಬಿ' ಭಾಗದ ಕಾಯಿಲೆಗಳಿಗೆ 6 ತಿಂಗಳ ಸತತ ಕೆಲಸ ಆಗಿರಬೇಕು, 'ಎ' ಭಾಗಕ್ಕೆ ಅದೂ ಬೇಕಿಲ್ಲ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಈ ಕಾಯ್ದೆಯ ಜಾಗ ತೆಗೆದುಕೊಂಡಿದೆ, ಆದರೆ ಕಾಯಿಲೆಗಳ ಆ ಪಟ್ಟಿ ಅದರಲ್ಲೂ ಇದೆ. ಹಳೆ ಕಾಯ್ದೆಯೋ ಹೊಸ ಸಂಹಿತೆಯೋ ಅಂತ ನೋಡಬೇಕಾಗುತ್ತದೆ, ಅದಕ್ಕೇ ನಿಮ್ಮ ಟಿಬಿ ಪತ್ತೆಯಾದ ತಾರೀಖನ್ನು ವಕೀಲರಿಗೆ ಮೊದಲೇ ಹೇಳಿ.

ಹಾಗಾಗಿ ಯಾವ ರೋಗಿಯಿಂದ ಬಂತು ಅಂತ ಹುಡುಕುವ ಗೋಜಿಗೆ ಹೋಗಬೇಡಿ. ಆ ವಾರ್ಡಿನಲ್ಲಿ ನೀವು ಕೆಲಸ ಮಾಡುತ್ತಿದ್ದಿರಿ ಅನ್ನೋದಕ್ಕೆ ದಾಖಲೆ ಗಟ್ಟಿ ಮಾಡಿಕೊಳ್ಳಿ. ನಾನು ನೋಡಿದ ಮಟ್ಟಿಗೆ ಗುತ್ತಿಗೆಯವರ ಕೇಸು ಸೋಲುವುದು ಕಾಯಿಲೆಯ ವಿಷಯದಲ್ಲಲ್ಲ, "ಇವರು ನಮ್ಮವರೇ ಅಲ್ಲ" ಅನ್ನುವ ಮಾತಿನಲ್ಲಿ. ಡ್ಯೂಟಿ ಚಾರ್ಟಿನ ಫೋಟೋ, ಶಿಫ್ಟ್ ಹಾಕಿದ ವಾಟ್ಸಾಪ್ ಮೆಸೇಜುಗಳು, ಐಡಿ ಕಾರ್ಡ್, ಸಂಬಳ ಬಿದ್ದ ಬ್ಯಾಂಕ್ ಪಾಸ್‌ಬುಕ್, ಕೆಲಸಕ್ಕೆ ಸೇರುವಾಗ ತೆಗೆದ ಎದೆ ಎಕ್ಸ್‌ರೇ ಇದ್ದರೆ ಅದು, ಕಫ ಪರೀಕ್ಷೆಯ ರಿಪೋರ್ಟು, ನಿಕ್ಷಯ್ ಐಡಿ (ಸರ್ಕಾರದ ಟಿಬಿ ನೋಂದಣಿ ಸಂಖ್ಯೆ), ಎಲ್ಲವನ್ನೂ ಇವತ್ತೇ ಒಂದು ಕಡೆ ಇಡಿ. ರೋಗಿಗಳ ಹೆಸರಿರುವ ಕಾಗದ ಮಾತ್ರ ತೆಗೆದುಕೊಂಡು ಬರಬೇಡಿ. ಗುತ್ತಿಗೆದಾರನ ಮೂಲಕ ಸೇರಿದ್ದರೂ ಆಸ್ಪತ್ರೆಯ ಮೇಲೇ ಕ್ಲೇಮ್ ಹಾಕಬಹುದು.

ಅದಕ್ಕೂ ಮುಂಚೆ ಸಂಬಳದ ಚೀಟಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಇದೆಯಾ ನೋಡಿ. ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಸಾಮಾನ್ಯವಾಗಿ ಇರಬೇಕು. ಇಎಸ್‌ಐ ಇದ್ದರೆ ಪರಿಹಾರ ಅಲ್ಲಿಂದಲೇ, ಮಾಲೀಕರಿಂದ ಬೇರೆ ಸಿಗಲ್ಲ. ಅಲ್ಲಿ ಇದನ್ನು ಬರೀ ಕಾಯಿಲೆ ರಜೆ ಅಂತ ಬರೆಸಿದರೆ ಸಂಬಳದ ಸುಮಾರು 70%, ಟಿಬಿಯಂಥ ದೀರ್ಘ ಕಾಯಿಲೆ ಅಂತ ಆದರೆ 80%, ಕೆಲಸದಿಂದ ಬಂದ ಕಾಯಿಲೆ ಅಂತ ಒಪ್ಪಿದರೆ ಸುಮಾರು 90% ಸಿಗುತ್ತದೆ. ಕೌಂಟರಿನಲ್ಲಿ ಕೊಟ್ಟ ಫಾರಂಗೆ ಸುಮ್ನೆ ಸಹಿ ಹಾಕಿ ಬರಬೇಡಿ, "ಉದ್ಯೋಗದಿಂದ ಬಂದ ರೋಗ" ಅಂತ ಬರವಣಿಗೆಯಲ್ಲೇ ಕೇಳಿ.

ಇಎಸ್‌ಐ ಇಲ್ಲದಿದ್ದರೆ ಮಾಲೀಕರಿಂದಲೇ ಪರಿಹಾರ ಕೇಳುವ ದಾರಿ. ಮೊತ್ತ ದೊಡ್ಡದಲ್ಲ, ಈಗಲೇ ಹೇಳಿಬಿಡುತ್ತೇನೆ. ಹಳೆ ಕಾಯ್ದೆಯ ಲೆಕ್ಕದಲ್ಲಿ, ಕೆಲಸಕ್ಕೆ ಹೋಗಲಾಗದ ಅವಧಿಗೆ ಪ್ರತಿ 15 ದಿನಕ್ಕೆ ತಿಂಗಳ ಸಂಬಳದ 25% ಸಿಗುತ್ತದೆ. 14,000 ಸಂಬಳಕ್ಕೆ ತಿಂಗಳಿಗೆ 7,000 ಆಯಿತು. ಚಿಕಿತ್ಸೆಗೆ ನಿಜವಾಗಿ ಆದ ಖರ್ಚು ಬೇರೆ, ಅದಕ್ಕೇ ಬಿಲ್ಲುಗಳನ್ನು ಇಟ್ಟುಕೊಳ್ಳಿ. ತಡ ಮಾಡಿದರೆ ಮಾಲೀಕರು ವರ್ಷಕ್ಕೆ 12% ಬಡ್ಡಿ ಕೊಡಬೇಕು.

ರಾಜೀನಾಮೆಗೆ ಸಹಿ ಹಾಕಬೇಡಿ. "ನನಗೆ ಪರಿಹಾರ ಬೇಡ" ಅಂತ ಆಗಲೇ ಬರೆಸಿಕೊಂಡಿದ್ದರೂ ಹೆದರಬೇಡಿ, ಪರಿಹಾರದ ಹಕ್ಕು ಬಿಟ್ಟುಕೊಡುವ ಒಪ್ಪಂದ ಕಾನೂನಿನಲ್ಲಿ ನಡೆಯುವುದಿಲ್ಲ.

ಯಾವ ವಾರ್ಡು, ಯಾವಾಗಿಂದ ಕೆಲಸ, ಯಾವತ್ತು ಟಿಬಿ ಪತ್ತೆ, ಇಷ್ಟನ್ನು ಬರೆದು ಆಸ್ಪತ್ರೆಗೂ ಗುತ್ತಿಗೆದಾರನಿಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಈ ವಾರವೇ ನೋಟಿಸ್ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಕ್ಲೇಮ್ ಹಾಕಲು 2 ವರ್ಷ ಸಮಯವಿದೆ, ಆದರೆ ಡ್ಯೂಟಿ ಚಾರ್ಟು ಅಷ್ಟು ದಿನ ಉಳಿಯಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದಿದ್ದೀರಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ನಿಮ್ಮ ಜಿಲ್ಲಾ ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.