ದಾನ, ಡೊನೇಟ್: ಒಡಹುಟ್ಟೇ ಹೊರತು ತಾಯಿ–ಮಗಳಲ್ಲ

ಓದುಗರ ಪತ್ರ: ಇಂಗ್ಲಿಷಿನ ‘ಡೊನೇಟ್’ ಹುಟ್ಟಿದ್ದು ಸಂಸ್ಕೃತದ ‘ದಾನ’ದಿಂದ ಎನ್ನುತ್ತಾರೆ. ಕೇಳಿದರೇ ಗೊತ್ತಾಗುತ್ತದಲ್ಲ? ಒಪ್ಪಲು ನಿಮಗೇಕೆ ಹಿಂಜರಿಕೆ?

ಸಂಪಾದಕರ ಉತ್ತರ: ನಿಮ್ಮ ಕಿವಿ ಚುರುಕಾಗಿದೆ. ಎರಡು ಪದಗಳೂ ನೆಂಟರೆಂಬುದು ಖಂಡಿತ ನಿಜ. ಆದರೆ ನೆಂಟಸ್ತಿಕೆ ಕಂಡ ಕೂಡಲೇ ಒಂದನ್ನು ತಾಯಿ, ಇನ್ನೊಂದನ್ನು ಮಗಳು ಮಾಡಿಬಿಡುವ ಆತುರ ಇದೆಯಲ್ಲ, ಅದನ್ನು ನಾನು ಒಪ್ಪಲಾರೆ.

ಲ್ಯಾಟಿನ್ನಿನಲ್ಲಿ ‘ದೋನುಮ್’ ಎಂದರೆ ಕೊಡುಗೆ. ಅದರಿಂದ ಬಂದ ‘ಡೊನೇಶನ್’ ಫ್ರೆಂಚ್ ದಾಟಿ 15ನೇ ಶತಮಾನದಲ್ಲಿ ಇಂಗ್ಲಿಷಿಗೆ ಸೇರಿತು. ಆಗಿನ್ನೂ ‘ಡೊನೇಟ್’ ಹುಟ್ಟಿರಲಿಲ್ಲ! ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರ, 18ನೇ ಶತಮಾನದ ಕೊನೆಯ ಹೊತ್ತಿಗೆ, ಅಮೆರಿಕದವರು ನಾಮಪದದ ಬಾಲ ಕತ್ತರಿಸಿ ಕ್ರಿಯಾಪದ ಮಾಡಿಕೊಂಡರು. ‘ಎಡಿಟರ್’ ಮೊದಲು, ‘ಎಡಿಟ್’ ಆಮೇಲೆ ಆದದ್ದೂ ಹೀಗೆಯೇ. 19ನೇ ಶತಮಾನದ ಭಾಷಾ ಮಡಿವಂತರು ‘ಗಿವ್’ ಇರುವಾಗ ಈ ಪದ ಯಾಕೆ ಎಂದು ಸಿಡುಕಿದ್ದುಂಟು.

ಇನ್ನು ಸಂಸ್ಕೃತದ ಮಾತು. ಲ್ಯಾಟಿನ್ ‘ಮಾತೆರ್’, ಸಂಸ್ಕೃತ ‘ಮಾತೃ’: ಎರಡರಲ್ಲೂ ಆ. ‘ದೋನುಮ್’, ‘ದಾನಮ್’: ಒಂದರಲ್ಲಿ ಓ, ಇನ್ನೊಂದರಲ್ಲಿ ಆ. ಲ್ಯಾಟಿನ್ ಸಂಸ್ಕೃತದಿಂದ ಕಡ ತಂದಿದ್ದರೆ ‘ಮಾ’ ಹಾಗೇ ಉಳಿದು ‘ದಾ’ ಮಾತ್ರ ‘ದೋ’ ಆದದ್ದು ಹೇಗೆ? ಉತ್ತರವಿಲ್ಲ. ಎರಡಕ್ಕೂ ತಾಯಿಯಾದ ಮೂಲನುಡಿಯಲ್ಲಿ ‘ಆ’, ‘ಓ’ ಬೇರೆಬೇರೆಯಾಗಿದ್ದವು, ಲ್ಯಾಟಿನ್ ಈ ಭೇದ ಉಳಿಸಿಕೊಂಡಿತು, ಸಂಸ್ಕೃತದಲ್ಲಿ ಎರಡೂ ‘ಆ’ ಆದವು ಎಂದುಕೊಂಡರೆ ಎಲ್ಲವೂ ಸರಿಹೊಂದುತ್ತದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು, ಆ ಮೂಲ ಬಹುಶಃ ಈಗಿಲ್ಲ ಎಂದು ಭಾಷಾವಿದ್ವಾಂಸ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಹೇಳಿದ್ದು 1786ರಲ್ಲಿ.

ಇನ್ನೊಂದು ಪುರಾವೆ ನಿಮ್ಮ ಬಾಯಲ್ಲೇ ಇದೆ. ದಂತ–ಟೂತ್, ದಶ–ಟೆನ್, ದ್ವಿ–ಟೂ. ಸಂಸ್ಕೃತದ ದಕಾರಕ್ಕೆ ಇಂಗ್ಲಿಷಿನ ಮನೆಮಾತಿನ ಪದಗಳಲ್ಲಿ ಟಕಾರ ಬರುತ್ತದೆ. ಈ ನಿಯಮವನ್ನು ಜರ್ಮನಿಯ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ವಿವರವಾಗಿ ಮಂಡಿಸಿದರು. ‘ಡೊನೇಟ್’ ಡಕಾರದಿಂದ ಶುರುವಾಗುವುದೇ ಅದು ಇಂಗ್ಲಿಷಿನ ಹುಟ್ಟುಸೊತ್ತಲ್ಲ, ಲ್ಯಾಟಿನ್ನಿನ ಕಡ ಎಂಬುದಕ್ಕೆ ಗುರುತು. ‘ಗಿವ್’ ಬೇರೆಯದೇ ಧಾತು. ಹಳೆಯ ಇಂಗ್ಲಿಷಿನಲ್ಲಿ ಅದು ಯಕಾರದಿಂದ ಶುರುವಾಗುತ್ತಿತ್ತು. ಈಗಿನ ಗಕಾರ ಸ್ಕ್ಯಾಂಡಿನೇವಿಯದ ವಲಸಿಗರು ತಂದದ್ದು.

ಬಳಕೆಯ ಬಗ್ಗೆ ಒಂದು ಮಾತು: ‘ಗಿವ್ ದ ಲೈಬ್ರರಿ ಬುಕ್ಸ್’ ಸರಿ, ‘ಡೊನೇಟ್ ದ ಲೈಬ್ರರಿ ಬುಕ್ಸ್’ ಎಂದರೆ ಲೈಬ್ರರಿಯ ಪುಸ್ತಕಗಳನ್ನೇ ದಾನ ಮಾಡಿ ಎಂದಾಗುತ್ತದೆ. ‘ಡೊನೇಟ್ ಬುಕ್ಸ್ ಟು ದ ಲೈಬ್ರರಿ’ ಎನ್ನಬೇಕು.

ನನ್ನ ಸಂಕಟ ಬೇರೆ. ಪರಭಾಷೆಯ ಪದ ನಮ್ಮದರಿಂದ ಬಂತೆಂದು ತೋರಿಸಲು ಇಷ್ಟು ಹುರುಪು, ದಿನವಿಡೀ ಆಡುವ ‘ಕೊಡು’ ಬಗ್ಗೆ ಯಾರಿಗೂ ಕುತೂಹಲವಿಲ್ಲ. ಅದು ಸಂಸ್ಕೃತದ್ದಲ್ಲ, ದ್ರಾವಿಡದ್ದು. ಮಲಯಾಳದಲ್ಲಿ ನನಗೆ, ನಿನಗೆ ಕೊಡುವುದಕ್ಕೆ ‘ತರಿಕ’, ಅವನಿಗೆ ಕೊಡುವುದಕ್ಕೆ ‘ಕೊಡುಕ್ಕುಕ’. ಎಂಥ ಸೂಕ್ಷ್ಮ! ಇದನ್ನು ಕೇಳಿ ಯಾರಾದರೂ ಪತ್ರ ಬರೆಯಬಾರದೇ?

ನಿಘಂಟು ತೆರೆದಾಗ ನಿಷ್ಪತ್ತಿಯ, ಅಂದರೆ ಪದದ ಹುಟ್ಟು ಹೇಳುವ ಸಾಲನ್ನು ಬಿಡಬೇಡಿ. ‘ಫ್ರಮ್’ ಎಂದರೆ ಅಲ್ಲಿಂದ ಬಂದದ್ದು, ‘ಕಾಗ್ನೇಟ್’ ಎಂದರೆ ಒಡಹುಟ್ಟು. ‘ಡೊನೇಟ್’ಗೆ ಲ್ಯಾಟಿನ್ ಮೊದಲನೆಯದು, ಸಂಸ್ಕೃತ ಎರಡನೆಯದು.